ಪಂಕ್ತಿಯಲ್ಲಿ ಕೂತ ಬದನೆ

ಓಲೆಯ ಭಾರಕ್ಕೆ ಜೋತು ಅಗಲವಾಗಿದ್ದ ಕಿವಿಯ ತೂತಿನಲ್ಲಿ ಅಜ್ಜಿ ಸದಾ ಒಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಹಲ್ಲಿನ ಸಂದಿ ಕೆದಕುವುದೂ ಅದರಲ್ಲೇ, ಬದನೆ ಸುಳಿಯ ಹುಳ ಎಬ್ಬಿಸುವುದೂ ಅದರಲ್ಲೇ. ನಾನು ಮುಖ ಕಿವುಚಿದರೆ, "ಹುಳಾನೂ ಬದ್ನೆಕಾಯೇ ತಿನ್ನೋದು, ನಾನೂ ಬದ್ನೆಕಾಯೇ ತಿನ್ನೋದು. ಇದ್ರಾಗೆ ಎಂಜ್ಲೆಲ್ಲಿಂದ ಬಂತಮ್ಮ?" ಎಂದು ನಗುತ್ತಿದ್ದರು.

ಸಾವಯವ ತರಕಾರಿ ಮತ್ತು ಮಣ್ಣಿನ ಆರೈಕೆಯ ಮೇಲಿನ ನನ್ನ ಸಂಶೋಧನೆಗೆ ಪುರವರದ ಹತ್ತಿರ ಜಮೀನು ಕೊಟ್ಟವರು ಈ ಅಜ್ಜಿ. ನಾನು ಕೊರಟಗೆರೆಯಿಂದ ಬಸ್ಸಿಗೆ ಬರುತ್ತಿದ್ದೆ. ಕೆಲವು ಬದನೆ ಪಾತಿಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ಜೀವಾಮೃತ. ಕೊನೆಯ ಪಾತಿಗೆ ಮಾತ್ರ ಬರೀ ನೀರು, ಹೋಲಿಸಿ ನೋಡುವುದಕ್ಕೆ. ಅದು ಸೊರಗಬೇಕಿತ್ತು. ಹೂ ಬಿಡುವ ಹೊತ್ತಿಗೆ ನೋಡಿದರೆ ಉಳಿದವಕ್ಕಿಂತ ಕೊಬ್ಬಿ ನಿಂತಿದೆ! ಬಗ್ಗಿ ಮಣ್ಣು ಮೂಸಿದೆ. ಗಂಜಲದ ಘಾಟು.

"ಅಜ್ಜಿ, ಯಾರು ಹಾಕಿದ್ದು?"

"ನಾನೇ ಹಾಕ್ದೆ ಕಣಮ್ಮ. ಒಂದೇ ಪಂಕ್ತೀಲಿ ಕೂತವೆ. ಎಲ್ರಿಗೂ ಬಡ್ಸಿ ಒಬ್ರ ಮುಂದೆ ಬರೀ ಎಲೆ ಇಕ್ಬುಟ್ರೆ ಹೆಂಗೆ?"

ನನಗೆ ಮೈಯೆಲ್ಲಾ ಉರಿದುಹೋಯಿತು. ಒಂದು ಬೆಳೆಯ ದುಡಿಮೆ ನೀರುಪಾಲು! ಬದುವಿನ ಮೇಲೆ ಕೂತು ಅತ್ತೇಬಿಟ್ಟೆ. ಅಜ್ಜಿ ಮಜ್ಜಿಗೆ ತಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಹಸಿದ ಪಾತಿ ಒಂದಿಲ್ಲದಿದ್ದರೆ ಉಳಿದವು ಗೊಬ್ಬರದಿಂದಲೇ ಚೆನ್ನಾಗಿ ಬಂದವು ಎಂದರೆ ಯಾರೂ ನಂಬುವುದಿಲ್ಲ ಎಂದು ಬಿಕ್ಕುತ್ತಲೇ ಹೇಳಿದೆ.

"ಅಂಗನ್ನು. ಸಾಕ್ಷಿ ಹೇಳಕ್ಕೆ ಉಪಾಸ ಕೂತೈತೆ ಅನ್ನು. ಮೊದ್ಲೇ ಹೇಳ್ಬಾರ್ದಾ ತಾಯಿ? ಇನ್ನೊಂದ್ ಬೆಳೆ ಇಕ್ಕು, ನಾನ್ ಮುಟ್ಟಲ್ಲ. ಆದ್ರೆ ನಿನ್ ಕೆಲ್ಸ ಮುಗುದ್ ದಿನ ಮೊದ್ಲು ಅದುಕ್ಕೇ ಬಡುಸ್ಬೇಕು. ಮಾತು ಕೊಡು."

ಕೊಟ್ಟೆ. ಅಜ್ಜಿಯೂ ತಮ್ಮ ಮಾತಿನಂತೆ ನಡೆದುಕೊಂಡರು. ಆ ಪಾತಿಯ ಪಕ್ಕ ಹಾಯುವಾಗ ಮಾತ್ರ ಸೆರಗು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. "ಇನ್ನೊಂದೀಟು ತಡ್ಕಳ್ಳವ್ವ" ಎಂದು ಗಿಡಗಳಿಗೆ ಹೇಳುವುದು ನನಗೆ ಕೇಳಿಸುತ್ತಿತ್ತು. ನಗು ಬರುತ್ತಿತ್ತು, ಕರುಳೂ ಚುರುಕ್ ಎನ್ನುತ್ತಿತ್ತು.

ಕೊನೆಯ ಕೊಯ್ಲಿಗೆ ಮುಂಚೆಯೇ ಅಜ್ಜಿ ಜ್ವರ ಬಂದು ತೀರಿಕೊಂಡರು. ಅವರಿಲ್ಲದ ಹೊಲದಲ್ಲಿ ಕಾಯಿ ತೂಗಿ, ಪಾತಿ ಪಾತಿಯ ಮಣ್ಣು ಚೀಲಕ್ಕೆ ತುಂಬಿ, ಕೈ ತೊಳೆಯಲು ಎದ್ದೆ. ಅವರ ಸೊಸೆ ಗೊಬ್ಬರದ ಮಂಕರಿ ಹೊತ್ತು ಬದುವಿನ ಮೇಲೆ ನಿಂತಿದ್ದಳು.

"ಅತ್ತೆ ಹೇಳೋಗವ್ರೆ ಅಕ್ಕ. ಮೊದ್ಲು ಅದುಕ್ಕೆ, ನಿಮ್ ಕೈಯಿಂದ್ಲೇ ಅಂತ."

ಇಬ್ಬರೂ ಅಳುತ್ತಲೇ ಹಾಕಿದೆವು. ಈಗ ಶಿರಾ ಕಡೆ, ಪಾವಗಡದ ಕಡೆ ಎಲ್ಲಿ ಪ್ರಯೋಗ ಮುಗಿದರೂ ಹಸಿದ ಪಾತಿಗೇ ಮೊದಲ ಮಂಕರಿ. ಕೊಯ್ಲಾದ ಮೇಲೆ ಗೊಬ್ಬರ ಯಾರಿಗೆ ಮೇಡಂ ಎಂದು ಜೊತೆಯವರು ನಗುತ್ತಾರೆ. ನಗಲಿ. ಎಲೆ ಹಾಕಿ ಕೂರಿಸಿದವಳು ನಾನು, ಬಡಿಸದೆ ಏಳಿಸಿದರೆ ಅಜ್ಜಿ ಸುಮ್ಮನಿರುತ್ತಾರೆಯೇ?