ಚೌಡಕ್ಕನಿಲ್ಲದ ಬಿ.ಪಿ.

ಆಂಧ್ರದ ಗಡಿಯ ಅಮರಾಪುರದ ಕಡೆಯ ಒಂದು ಊರಿಗೆ ಚೌಡಕ್ಕ ಹೇಮಾವತಿ ಎಂಬ ಊರಿನಿಂದ ಸೊಸೆಯಾಗಿ ಬಂದವಳು. ಬಂದ ವಾರದಲ್ಲೇ ಪಕ್ಕದ ಮನೆಯ ದುರುಗಕ್ಕನ ಗೆಳತಿಯಾದಳು. ಇಬ್ಬರ ರೇಷ್ಮೆ ಹುಳದ ಮನೆಗಳಿಗೂ ನಡುವೆ ಒಂದೇ ಗೋಡೆ. ಆಚೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತ ಚೌಡಕ್ಕ ಆಡಿದ ಮಾತಿಗೆ ಈಚೆಯಿಂದ ದುರುಗಕ್ಕ ಹೂಂಗುಟ್ಟಬೇಕು. ಹೂಂ ಕೇಳದಿದ್ದರೆ ಗೋಡೆ ತಟ್ಟುವಳು. ಊರಲ್ಲಿ ಯಾರ ಹೆರಿಗೆಗೆ, ಯಾರ ಸಂತೆಗೆ ಜೊತೆ ಬೇಕೆಂದರೂ ಸೆರಗು ಸಿಕ್ಕಿಸಿಕೊಂಡು ಹೊರಡುವವಳು ಅವಳೇ.

ದುರುಗಕ್ಕನಿಗೆ ಬಿ.ಪಿ. ಇದೆಯೆಂದು ತಿಳಿದ ಮೇಲೆ ಆರೋಗ್ಯ ಉಪಕೇಂದ್ರಕ್ಕೂ ಅವಳೇ ಜೊತೆ. ಮಾತ್ರೆ ತಪ್ಪಿಸದಿದ್ದರೂ ಮೇಲಿನ ಅಂಕಿ ನೂರೈವತ್ತರಿಂದ ಇಳಿಯುತ್ತಿರಲಿಲ್ಲ. ಹೀಗೇ ಇದ್ದರೆ ಮಡಕಶಿರಾದ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ ಎಂದು ನರ್ಸ್ ನಾಗಮಣಿ ಹೆದರಿಸಿದ್ದಳು. ಬಂದ ಕೂಡಲೇ ಅಳೆಯದೆ ಸ್ವಲ್ಪ ಹೊತ್ತು ಕೂರಿಸುವಳು. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಪಟ್ಟಿ ಸುತ್ತುವಳು. ಕೊನೆಗೆ ತನ್ನ ತೆಲುಗಿನಲ್ಲಿ, “ಮಾಟ್ಲಾಡೊದ್ದು ಅಕ್ಕಾ,” ಎನ್ನುವಳು. ಮಾತಾಡಿದರೆ, ನಕ್ಕರೆ ಅಂಕಿ ಏರುತ್ತದಂತೆ.

ಚೌಡಕ್ಕ ಸುಮ್ಮನಿದ್ದರೆ ತಾನೆ? ಪೊರೆ ಬಿಡುವ ಮೊದಲು ರೇಷ್ಮೆ ಹುಳ ತಲೆಯೆತ್ತಿ ಅಲ್ಲಾಡದೆ ಕೂರುವುದನ್ನು ಅಲ್ಲಿನವರು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಪಟ್ಟಿ ಬಿಗಿಯುವ ಹೊತ್ತಿಗೇ ಬಾಗಿಲ ಬಳಿಯ ಬೆಂಚಿನಲ್ಲಿ ಕೂತ ಚೌಡಕ್ಕ, “ನೋಡಮ್ಮ, ನಮ್ ದುರುಗಿ ಜ್ವರಕ್ಕೆ ಕೂತವ್ಳೆ. ಸೊಪ್ಪು ಹಾಕ್ಬೇಡ, ತಿನ್ನಲ್ಲ,” ಎನ್ನುವಳು. ದುರುಗಕ್ಕ ಕಿಸಕ್ಕನೆ ನಗುವಳು. ಅಂಕಿ ಏರಿಯೇ ಬಿಡುತ್ತಿತ್ತು.

ಕಾರ್ತಿಕದಲ್ಲಿ, ಸೊಪ್ಪು ಕೊಯ್ಯುವಾಗ ಹಾವು ಕಚ್ಚಿ ಚೌಡಕ್ಕ ಹೋದಳು. ಗೋಡೆಯಾಚೆ ಈಗ ಅವಳ ಸೊಸೆ ಮಂಜುಳ ಹುಳ ಮೇಯಿಸುತ್ತಾಳೆ, ಸದ್ದಿಲ್ಲದ ಹುಡುಗಿ. ಒಂದೊಂದು ದಿನ ದುರುಗಕ್ಕ ಸುಮ್ಮನೆ ಹೂಂಗುಟ್ಟುತ್ತಾಳೆ.

ಮುಂದಿನ ಸಲ ಉಪಕೇಂದ್ರಕ್ಕೆ ಅವಳೊಬ್ಬಳೇ ಹೋದಳು. ಪಟ್ಟಿ ಉಬ್ಬಿ ತೋಳು ಹಿಡಿಯಿತು, ಮೆಲ್ಲಗೆ ಸಡಿಲವಾಯಿತು. ಬಾಗಿಲ ಬಳಿಯ ಬೆಂಚು ಖಾಲಿ. ನಾಗಮಣಿಯ ಮುಖ ಅರಳಿತು. ನೂರ ಮೂವತ್ತು. ಮಡಕಶಿರಾಕ್ಕೆ ಹೋಗುವುದೇನೂ ಬೇಡ, ಇದೇ ಮಾತ್ರೆ ಸಾಕು ಎನ್ನುತ್ತ ಬರೆದುಕೊಂಡಳು.

ದುರುಗಕ್ಕ ತೋಳು ತೆಗೆಯಲಿಲ್ಲ. “ಇನ್ನೊಂದ್ಸಲ ಕಟ್ಟಮ್ಮ.”

“ಯಾಕಕ್ಕ? ಚೆನ್ನಾಗೇ ಬಂದೈತಲ್ಲ.”

“ಅವ್ಳಿದ್ದಾಗ ಒಂದ್ಸಲಾನೂ ಇಷ್ಟು ಕಮ್ಮಿ ಬಂದಿರ್ಲಿಲ್ಲ. ಕಟ್ಟು.”

ಸ್ವಲ್ಪ ಹೊತ್ತು ಬಿಟ್ಟು ನಾಗಮಣಿ ಮತ್ತೆ ಪಟ್ಟಿ ಸುತ್ತಿದಳು. ಅದು ಬಿಗಿಯತೊಡಗಿದಂತೆ ದುರುಗಕ್ಕ ಬೆಂಚಿನ ಕಡೆ ತಿರುಗಿ, “ಈ ಸಲ ಗೂಡು ಗಟ್ಟಿಯಾಗಿ ಬಂದವೆ ಕಣೆ. ನಿನ್ ಸೊಸೇದೂವೆ,” ಎಂದಳು.

ನಾಗಮಣಿ ತಡೆಯಲಿಲ್ಲ.