ಐದ್ ಅಡಿ ಬೀಟಿ ಪದರು

ನಮ್ಮನಿಯವರ ಕೈ ಬಂಗಾರ, ಬಾಯಿಗೆ ಮಾತ್ರ ಬೀಗ. ಧಾರವಾಡ ಬಿಟ್ಟು ಪುಣೆಕ್ಕ ಬಂದು ಬಡಿಗತನಾ ಹಿಡದು ಹತ್ತು ವರ್ಷ ಆಗಿದ್ರೂ ಮರಾಠಿ ಒಂದ ಅಕ್ಷರ ಆಡ್ತಿದ್ದಿಲ್ಲ. "ಕಲೀರಿ, ನಿಮ್ಮ ದಮ್ಮಯ್ಯ" ಅಂದ್ರ, "ಕಟ್ಟಿಗಿಗೆ ಯಾವ ಭಾಷಾ ಬೇಕ?" ಅಂತಿದ್ರು. ಊರಿಗೊಂದ ದಾರಿ ಆದ್ರ ಎಡವಟ್ಟಗೊಂದ ದಾರಿ! ಗಿರಾಕಿ ಜೋಡಿ ಮಾತೆಲ್ಲಾ ನನ್ನ ಪಾಲಿಗೆ.

ನಾವಿದ್ದ ವಾಡೇದ ಮಾಲಕಿ ರಂಗೂಬಾಯಿ, ಗಂಡ ಸತ್ತಾಕಿ. ಆತನ ಕಪಾಟ ಒಂದ ಆಕಿ ಖೋಲ್ಯಾಗ ಉಳದಿತ್ತು. ಮಳಿ ಸೋರಿ, ಅದರ ಬಾಗಲಕ್ಕ ಅಂಟಿಸಿದ್ದ ಬೀಟಿ ಮರದ ತೆಳು ಪದರು ಉಬ್ಬಿ ಎದ್ದಿತ್ತು. "ಮೊದಲಿನಂಗ ಆದ್ರ ಇರಲಿ, ಇಲ್ಲಂದ್ರ ಸೋಮವಾರ ಜೂನಾ ಬಜಾರಕ್ಕ ಹಾಕಿ ಮಾರೂದ" ಅಂದಿದ್ದ ಆಕಿ ಮಗ. ರಂಗೂಬಾಯಿ ನನ್ನ ಕೈ ಹಿಡಕೊಂಡು, "ಅವರ ಅಂಗೀ ವಾಸನಿ ಇನ್ನೂ ಅದರಾಗ ಅದ, ಶಿವಬಸವ್ವಾ" ಅಂದಳು. ಭಾಳ ಸಂಕಟಾತು ನನಗ.

ಯುದ್ಧದ ಕಾಲ, ಅಂಥಾ ಮಾಲು ಬರೂದ ನಿಂತಿತ್ತು. ಭವಾನಿ ಪೇಠದಾಗ ಒಬ್ಬ ಗುಜರಾತಿ ಸೇಠನ ಅಂಗಡ್ಯಾಗ ಬಾಗಲದಷ್ಟ ಉದ್ದಂದು ಒಂದ ಒಂದು ಪದರು ಉಳದಿತ್ತು. "ನೀ ಹೊರಗ ನಿಂದ್ರು, ಗಂಡಸರ ವ್ಯಾಪಾರ ಇದು" ಅಂದು ಇವರು ಒಳಗ ಹೋದ್ರು. ಹಸೀ ಅರಬಿಲೆ ಪದರು ಒರಸಿ, ಹಳೇ ಚೂರು ಪಕ್ಕಕ್ಕ ಹಿಡದು ಬಣ್ಣ ನೋಡಿದ್ರು. ಬಣ್ಣ ಕೂಡಿತ್ತು. "ಐದ್ ಅಡಿ!" ಅಂದ್ರು. ಸೇಠಗ ತಿಳೀಲಿಲ್ಲ. "ಅಡಿ, ಅಡಿ!" ಅಂತ ಇನ್ನೂ ಜೋರಾಗಿ ಅಂದ್ರು.

"ಅಢೀ? ಬರಾಬರ?"

"ಹೂಂ, ಅಡಿ!" ಅಂದು ಇವರು ಪದರು ಸುತ್ತಾಕ ಗೋಣಿ ತಗೊಳ್ಳಾಕ ಬಗ್ಗಿದ್ರು. ಸೇಠ ಚಾಕು ಎಳದಾ.

ನಾ ಓಡಿ ಬರೂದ್ರೊಳಗ ಪದರು ಎರಡ ತುಂಡು. ಸೇಠ ಮರಾಠಿಯಾಗ ನನ್ನ ಮ್ಯಾಲ ಹಾರ್‍ಯಾಡಿದಾ: ಅವರ ಗುಜರಾತಿಯಾಗ ಅಢೀ ಅಂದ್ರ ಎರಡೂವರಿ, ಎರಡೂವರಿ ಫೂಟ ಕೇಳಿದ್ರು, ಕೊಯ್ದ ಕೊಟ್ಟೆ!

"ಮರಾಠಿಯಾಗ ಪಾಚ ಫೂಟ ಅನ್ನಾಕ ಏನ ದಾಡಿ ಆಗಿತ್ತು ನಿಮಗ!" ಅಂತ ಬೀದ್ಯಾಗ ಚೀರಿದೆ. ಇವರು ಎರಡೂ ತುಂಡು ಗೋಣ್ಯಾಗ ಸುತ್ತಿ ಹೆಗಲಿಗೆ ಏರಿಸಿದ್ರು.

ತುಂಡು ಕೂಡಿಸಿ ಅಂಟಿಸಿದ್ರು, ತಿಕ್ಕಿದ್ರು, ಪಾಲಿಶ್ ಕೊಟ್ಟರು. ಬಾಗಲದ ನಟ್ಟನಡುವ ಅಡ್ಡಗೆರಿ ಹೋಗಲೇ ಇಲ್ಲ. ಕಡೀಕ ನನ್ನ ಕೇಳಿದ್ರು: "ನಂದು ತಪ್ಪಾತು ಅನ್ನೂದಕ್ಕ ಮರಾಠಿಯಾಗ ಏನಂತಾರ?"

ನನ್ನ ಸಿಟ್ಟೆಲ್ಲಾ ಇಳದು ಹೋತು. "ಮಾಝಂ ಚುಕಲಂ" ಅಂತ ಹೇಳಿಕೊಟ್ಟೆ.

ಸೋಮವಾರ ಮಗ ಆ ಗೆರಿ ನೋಡಿ ಹಮಾಲರನ್ನ ಕರದಾ. ಅವರು ಕಪಾಟ ಎತ್ತೂ ಹೊತ್ತಿಗೆ ನಮ್ಮನಿಯವರು ರಂಗೂಬಾಯಿ ಮುಂದ ಕೈ ಜೋಡಿಸಿ, "ಮಾಝಂ ಚುಕಲಂ" ಅಂದ್ರು.

ಆಕಿ ಇವರ ಮಾರಿ ನೋಡಿ ಮರಾಠಿಯಾಗ ಅಂದಳು: "ಹತ್ತು ವರ್ಷ ನಿನ್ನ ಬಾಯಿಂದ ಒಂದ ಮಾತು ಕೇಳಬೇಕಂತಿದ್ದೆ, ಮಲಕಪ್ಪಾ. ಈ ಮಾತಲ್ಲ."

"ಏನಂದಳು?" ಅಂತ ಇವರು ನನ್ನ ಕೇಳಿದ್ರು. ಅದನ್ನ ಕನ್ನಡದಾಗ ಹೇಳಾಕ ನನಗ ಬಾಯಿ ಬರಲಿಲ್ಲ.