ಹುಣಸೆಮರದ ನಾಯಕಿ

ಬಿ.ಎ. ಓದುವಾಗ ನಮ್ಮ ಮೇಷ್ಟರು ಕಾದಂಬರಿ ಬರೆಯುವ ಕ್ರಮವನ್ನೂ ಕಲಿಸಿದ್ದರು: ನಾಯಕಿ ಅತ್ತರೆ ಮೋಡವೂ ಅಳಬೇಕು. ಆ ವಿದ್ಯೆ ಹೊತ್ತು ಬಂದ ನನಗೆ ಸಿಕ್ಕಿದ್ದು ಮಾಗಡಿ ತಾಲ್ಲೂಕು ಕಚೇರಿಯ ಮುಂದೆ ಕೂತು ಜನರ ಅರ್ಜಿ ಬರೆದುಕೊಡುವ ಕೆಲಸ.

ಒಂದು ದಿನ ಕುದೂರಿನ ಕಡೆಯ ಮುದುಕಿಯೊಬ್ಬಳು ಬಂದಳು. ಅವಳು ನೆಟ್ಟು ಬೆಳೆಸಿದ ಹುಣಸೆಮರವನ್ನು ಮೈದುನ ತನ್ನದು ಅನ್ನುತ್ತಿದ್ದನಂತೆ. ನನಗೆ ಅಷ್ಟು ಸಾಕಾಯಿತು. ಮೂರು ಪುಟ ಬರೆದೆ. ಮೋಡ ಅತ್ತಿತು, ಸಾವನದುರ್ಗದ ಬೆಟ್ಟವೂ ನಿಟ್ಟುಸಿರು ಬಿಟ್ಟಿತು. ಗಟ್ಟಿಯಾಗಿ ಓದಿ ಹೇಳಿದೆ.

ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಯ್ಯೋ ಪಾಪ, ಯಾರು ಸಾಮಿ ಆ ಹೆಣ್ಮಗ್ಳು? ಮೊದ್ಲು ಅವಳ್ದು ಬಗೆಹರ್ಸಿ. ನಂದು ಒಸಿ ತಡವಾದ್ರೂ ಆಯ್ತದೆ."

"ಅದು ನೀನೇ ಕಣಜ್ಜಿ!"

"ನಾನ್ಯಾಕೆ ಅಳ್ಲಿ? ಅವನ ಬಾಗ್ಲಲ್ಲೇ ನಿಂತು ಉಗ್ದು ಬಂದಿವ್ನಿ."

ಬರೆದದ್ದನ್ನು ಹರಿದುಹಾಕಿ, ಅವಳು ಹೇಳಿದ್ದನ್ನೇ ನಾಲ್ಕು ಸಾಲಿನಲ್ಲಿ ಬರೆದುಕೊಟ್ಟೆ. ತಿಂಗಳೊಪ್ಪತ್ತಿನಲ್ಲಿ ಮರ ಅವಳಿಗೇ ಆಯಿತು.

ಆಮೇಲೊಂದು ದಿನ ಸಂತೆಗೆ ಬಂದವಳು ಮಡಿಲಿನಿಂದ ನನ್ನ ಮುಂದೆ ಹುಣಸೆಹಣ್ಣು ಸುರಿದು ಮೆಲ್ಲಗೆ ಕೇಳಿದಳು: "ಆಯಮ್ಮಂಗೂ ಮರ ಸಿಕ್ತಾ ಸಾಮಿ?"

ನಾನು ಕಲಿತ ಕಾದಂಬರಿ ವಿದ್ಯೆಗೆ ಇವತ್ತಿನವರೆಗೂ ಸಿಕ್ಕ ಒಬ್ಬರೇ ಓದುಗರೆಂದರೆ ಅವಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಅಷ್ಟೆ.